ಸಾಮಾನ್ಯ ಓದುಗರ ತೀರ್ಪು: ಕನ್ನಡ ಓದಿನ ಒಂದು ಚರಿತ್ರೆ

ಕನ್ನಡ ಸಾಹಿತ್ಯದ ಚರಿತ್ರೆಗಳು ಕವಿಗಳ ಕಾಲ, ದೇಶ, ಮತ, ಆಶ್ರಯ, ಛಂದಸ್ಸುಗಳನ್ನು ವಿವರವಾಗಿ ಚರ್ಚಿಸುತ್ತವೆ. ಆ ಕೃತಿಗಳನ್ನು ಓದಿದವರು, ಓದಿಸಿ ಕೇಳಿದವರು, ಮೆಚ್ಚಿ ಮತ್ತೆ ಮತ್ತೆ ಹಿಡಿದವರು, ಬೇಸತ್ತು ಅರ್ಧಕ್ಕೆ ಬಿಟ್ಟವರು ಏನೆಂದುಕೊಂಡರು ಎಂಬ ವಿಷಯದಲ್ಲಿ ಮಾತ್ರ ಅವು ಬಹುಮಟ್ಟಿಗೆ ಮೌನವಾಗಿವೆ. ವಿದ್ವಾಂಸರ ಅಭಿಪ್ರಾಯ ಟೀಕೆಯಾಗಿ, ಲಕ್ಷಣಗ್ರಂಥವಾಗಿ, ವಿಮರ್ಶೆಯಾಗಿ ಬರಹದಲ್ಲಿ ನಿಂತಿದೆ. ಸಾಮಾನ್ಯ ಓದುಗರ ಅಭಿಪ್ರಾಯ ಜಗಲಿಯ ಮಾತಿನಲ್ಲಿ, ಬಸ್ಸಿನ ಹರಟೆಯಲ್ಲಿ, ಅಡುಗೆಮನೆಯ ಕೆಲಸದ ನಡುವೆ ಹುಟ್ಟಿ ಅಲ್ಲಿಯೇ ಮುಗಿದುಹೋಗಿದೆ. ಸಾಮಾನ್ಯ ಓದುಗರು ಎಂದರೆ ಓದನ್ನು ವೃತ್ತಿಯಾಗಿಸಿಕೊಳ್ಳದೆ, ಯಾವ ಪಂಥದ ಹಂಗೂ ಇಲ್ಲದೆ, ಪುರಾಣವನ್ನೂ ಪತ್ತೇದಾರಿಯನ್ನೂ ವಚನವನ್ನೂ ಪ್ರವಾಸಕಥನವನ್ನೂ ಒಂದೇ ಕಪಾಟಿನಲ್ಲಿ ಇಟ್ಟುಕೊಂಡು ತಮ್ಮ ಬಿಡುವಿಗೂ ಮನಸ್ಸಿಗೂ ಒಪ್ಪಿದ್ದನ್ನು ಓದುವವರು. ಅವರ ತೀರ್ಪು ಮಾತಿನಲ್ಲಿ ದಾಖಲಾಗಿರುವುದು ವಿರಳ. ಅದು ಕಾಣುವುದು ಹೆಚ್ಚಾಗಿ ಕ್ರಿಯೆಯಲ್ಲಿ, ಅಂದರೆ ಒಂದು ಪುಸ್ತಕವನ್ನು ಅವರು ನಕಲು ಮಾಡಿಸಿದ್ದರಲ್ಲಿ, ಚಂದಾ ಕಟ್ಟಿ ತರಿಸಿಕೊಂಡದ್ದರಲ್ಲಿ, ಬಾಡಿಗೆ ಕೊಟ್ಟು ಒಯ್ದದ್ದರಲ್ಲಿ, ಹೊಲಿದು ರಟ್ಟು ಹಾಕಿಸಿ ಕಾಪಾಡಿದ್ದರಲ್ಲಿ. ಈ ಗುರುತುಗಳನ್ನು ಜೋಡಿಸಿ ನೋಡಿದಾಗ, ಸಾವಿರಕ್ಕೂ ಹೆಚ್ಚು ವರ್ಷಗಳ ಕನ್ನಡ ಪುಸ್ತಕ ಸಂಸ್ಕೃತಿಯಲ್ಲಿ ಯಾವ ಕೃತಿ ಉಳಿಯಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಪಂಡಿತರಿಗಿಂತ ಈ ಹೆಸರಿಲ್ಲದ ಓದುಗರ ಪಾಲು ಕಡಿಮೆಯದೇನೂ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಅಚ್ಚಿಗೆ ಮುಂಚೆ

ಈಗ ದೊರೆಯುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ, ಸುಮಾರು 850ರ ಕವಿರಾಜಮಾರ್ಗವೇ ಈ ಚರಿತ್ರೆಯ ಮೊದಲ ಸಾಕ್ಷಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಈ ಕೃತಿ ಲಕ್ಷಣಗ್ರಂಥ, ಅಂದರೆ ಕಾವ್ಯ ಹೇಗಿರಬೇಕು, ಅದರಲ್ಲಿ ಗುಣದೋಷಗಳು ಯಾವುವು ಎಂಬುದನ್ನು ಹೇಳುವ ಶಾಸ್ತ್ರ. ಶಾಸ್ತ್ರ ಬರೆಯುವವನು ಪಂಡಿತರನ್ನೇ ಪ್ರಮಾಣವಾಗಿ ಹಿಡಿಯುವುದು ಸಹಜವಾಗಿದ್ದರೂ, ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ವರ್ಣಿಸುವಾಗ ಶ್ರೀವಿಜಯನು ಅಲ್ಲಿನ ಜನ ಕ್ರಮವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದೂ, ಓದಿದವರಷ್ಟೇ ಅಲ್ಲದೆ ಉಳಿದವರೂ ತಂತಮ್ಮ ಮಾತಿನಲ್ಲಿ ಜಾಣರೆಂದೂ, ಚಿಕ್ಕ ಮಕ್ಕಳು ಕೂಡ ತಿಳಿಸಿಕೊಟ್ಟರೆ ವಿವೇಕವನ್ನು ಗ್ರಹಿಸಬಲ್ಲರೆಂದೂ ಹೇಳುತ್ತಾನೆ. ಇದನ್ನು ನಾಡಿನ ಹೊಗಳಿಕೆಯೆಂದು ಮಾತ್ರ ಓದುವ ರೂಢಿಯಿದೆ. ಆದರೆ ಕಾವ್ಯದ ಒಳ್ಳೆಯದು ಕೆಟ್ಟದ್ದನ್ನು ಗುರುತಿಸುವ ಶಕ್ತಿ ಶಾಸ್ತ್ರಾಭ್ಯಾಸದಿಂದ ಮಾತ್ರ ಬರುವುದಲ್ಲ ಎಂಬ ಒಪ್ಪಿಗೆಯೂ ಇದರಲ್ಲಿದೆ, ಮತ್ತು ಆ ಒಪ್ಪಿಗೆ ಒಬ್ಬ ಶಾಸ್ತ್ರಕಾರನಿಂದಲೇ ಬಂದಿರುವುದು ಗಮನಾರ್ಹ.

ಮುಂದಿನ ಶತಮಾನದ ಚಂಪೂಕವಿಗಳು ಈ ವಿಷಯದಲ್ಲಿ ಇಷ್ಟು ಉದಾರಿಗಳಾಗಿರಲಿಲ್ಲ. ಗದ್ಯಪದ್ಯಗಳು ಬೆರೆತ ಚಂಪೂ ಎಂಬ ಪ್ರೌಢ ಕಾವ್ಯರೂಪದಲ್ಲಿ ಬರೆದ ಅವರ ಮುಂದಿದ್ದ ಓದುಗ ಸಹೃದಯನು, ಅಂದರೆ ಸಂಸ್ಕೃತ ಕಾವ್ಯಮೀಮಾಂಸೆ ಹೇಳುವ, ಅಭ್ಯಾಸದಿಂದ ಮನಸ್ಸು ತಿಳಿಯಾಗಿ ಕವಿಯ ಭಾವಕ್ಕೆ ಸಮನಾಗಿ ಮಿಡಿಯಬಲ್ಲ ಆದರ್ಶ ರಸಿಕ. ಅವರಲ್ಲೊಬ್ಬನಾದ ರನ್ನನು ತನ್ನ ಕೃತಿಯನ್ನು ಪರೀಕ್ಷಿಸಲು ಎಂಟೆದೆ ಇರಬೇಕೆಂದು ಸವಾಲು ಹಾಕಿದಾಗ, ತೀರ್ಪು ಕೊಡುವ ಹಕ್ಕು ಕೆಲವರಿಗೆ ಮಾತ್ರ ಸೇರಿದ್ದೆಂಬ ಭಾವನೆಯೇ ಅಲ್ಲಿ ಕೆಲಸ ಮಾಡಿದೆ. ಆದರೂ ಅದೇ ರನ್ನನ ಪೋಷಕಳಾಗಿದ್ದ ಅತ್ತಿಮಬ್ಬೆ ಕವಿಯೂ ಅಲ್ಲದ, ಶಾಸ್ತ್ರಕಾರಳೂ ಅಲ್ಲದ ಓದುಗಳೊಬ್ಬಳು ಪುಸ್ತಕದ ಹಣೆಬರಹವನ್ನು ಹೇಗೆ ಬದಲಿಸಬಲ್ಲಳು ಎಂಬುದಕ್ಕೆ ಹತ್ತನೆಯ ಶತಮಾನದ ಉತ್ತರವಾಗಿದ್ದಾಳೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅವಳು ಬರೆಯಿಸಿ ಹಂಚಿದಳೆಂಬ ಖ್ಯಾತಿ ಕನ್ನಡ ಸಾಹಿತ್ಯ ಪರಂಪರೆಯಲ್ಲಿ ಅಚ್ಚಳಿಯದೆ ನಿಂತಿದೆ.

ಸಾವಿರ ಪ್ರತಿ ಎಂಬುದರ ತೂಕ ತಿಳಿಯಬೇಕಾದರೆ ಒಂದು ಓಲೆಯ ಪ್ರತಿ ಸಿದ್ಧವಾಗುತ್ತಿದ್ದ ಬಗೆಯನ್ನು ನೋಡಬೇಕು. ತಾಳೆಗರಿಯನ್ನು ಒಣಗಿಸಿ, ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಮಾಡಿ, ಕಂಠ ಎಂದು ಕರೆಯುವ ಕಬ್ಬಿಣದ ಮೊನಚು ಲೇಖನಿಯಿಂದ ಗರಿ ಹರಿಯದ ಹಾಗೆ ಅಕ್ಷರಗಳನ್ನು ಗೀರಬೇಕಿತ್ತು. ಅದರ ಮೇಲೆ ಮಸಿ ಬಳಿದು ಒರೆಸಿದರೆ ಗೀರಿನೊಳಗೆ ಮಸಿ ನಿಂತು ಅಕ್ಷರ ಕಾಣಿಸಿಕೊಳ್ಳುತ್ತಿತ್ತು. ಪದಗಳ ನಡುವೆ ತೆರಪಿಲ್ಲ, ಪದ್ಯಕ್ಕೊಂದು ಸಾಲು ಎಂಬ ವಿಂಗಡಣೆಯೂ ಇಲ್ಲ. ಬೆನ್ನು, ಸೊಂಟ, ಕೊರಳು ಬಾಗಿ ನೋಯುವಂತೆ ಬರೆದದ್ದಾದ್ದರಿಂದ ಇದನ್ನು ಜೋಪಾನವಾಗಿ ಕಾಯಬೇಕೆಂದು ಲಿಪಿಕಾರರು, ಅಂದರೆ ಪ್ರತಿ ಮಾಡುವವರು, ಹಸ್ತಪ್ರತಿಗಳ ಕೊನೆಯಲ್ಲಿ ಬೇಡಿಕೊಳ್ಳುವುದು ರೂಢಿಯ ಮಾತಾಗಿತ್ತು. ಹುಳು ಹಿಡಿಯುವ, ಮುರಿಯುವ ಓಲೆಯ ಮೇಲೆ ಒಂದು ಕಾವ್ಯ ಐದಾರು ಶತಮಾನ ಬದುಕಿ ಬಂದಿದೆಯೆಂದರೆ, ತಲೆಮಾರಿನಿಂದ ತಲೆಮಾರಿಗೆ ಯಾರೋ ಅದನ್ನು ಇಷ್ಟು ಶ್ರಮಕ್ಕೆ ಯೋಗ್ಯವೆಂದು ಮತ್ತೆ ಮತ್ತೆ ನಿರ್ಧರಿಸಿದ್ದಾರೆಂದೇ ಅರ್ಥ. ಹಸ್ತಪ್ರತಿಗಳ ಸಂಖ್ಯೆ ಆ ಕಾಲದ ಓದುಗರ ಮತದಾನ.

ಆ ಮತದಾನದಲ್ಲಿ ಎದ್ದುಕಾಣುವ ಹೆಸರುಗಳು ಗದುಗಿನ ಕುಮಾರವ್ಯಾಸನದು ಮತ್ತು ಲಕ್ಷ್ಮೀಶನದು. ಕುಮಾರವ್ಯಾಸನು ತನ್ನ ಭಾರತದ ಪೀಠಿಕೆಯಲ್ಲಿ ಅರಸರು, ದ್ವಿಜರು, ಯೋಗಿಗಳು, ಮಂತ್ರಿಗಳು, ವಿರಹಿಗಳು, ವಿದ್ವಾಂಸರು ಇವರೆಲ್ಲ ತಮಗೆ ಬೇಕಾದುದನ್ನು ಈ ಒಂದೇ ಕಾವ್ಯದಲ್ಲಿ ಕಂಡುಕೊಳ್ಳುವರೆಂದು ಬೇರೆ ಬೇರೆಯಾಗಿ ಹೆಸರಿಸುತ್ತಾನೆ. ಒಂದೇ ಕೃತಿಯನ್ನು ಬಗೆಬಗೆಯ ಜನ ಬಗೆಬಗೆಯಾಗಿ ಓದುತ್ತಾರೆ ಮತ್ತು ಆ ಎಲ್ಲ ಓದುಗಳೂ ಸಲ್ಲುತ್ತವೆ ಎಂಬ ಈ ನಿಲುವು ರನ್ನನ ಸವಾಲಿಗಿಂತ ಬಹಳ ದೂರ ಬಂದದ್ದು. ಆರು ಸಾಲಿನ ಷಟ್ಪದಿಯ ನಡೆ ಹಾಡಿಗೂ ಮಾತಿಗೂ ಹತ್ತಿರವಾಗಿದ್ದುದರಿಂದ ಅಕ್ಷರ ಬಾರದವರೂ ಅದರ ಓದುಗರಾದರು. ಗಮಕಿಯು ರಾಗವಾಗಿ ಪದ್ಯವನ್ನು ವಾಚಿಸುವ, ವ್ಯಾಖ್ಯಾನಕಾರನು ಅದರ ಅರ್ಥವನ್ನು ಬಿಡಿಸಿ ಹೇಳುವ ಗಮಕ ಕಲೆಯ ಮೂಲಕ ದೇವಸ್ಥಾನದ ಕಟ್ಟೆ, ಚಾವಡಿ, ಮನೆಯ ಪಡಸಾಲೆಗಳು ಓದಿನ ತಾಣಗಳಾದವು. ವಿರಾಟಪರ್ವದ ಉತ್ತರನ ಪೌರುಷ, ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆ, ಸುಧನ್ವನ ಕಾಳಗ, ಸೀತಾಪರಿತ್ಯಾಗ ಇಂಥ ಭಾಗಗಳು ಮನೆಮಾತಾದದ್ದು ಕೇಳುವವರು ಅವನ್ನೇ ಬೇಡಿ ಓದಿಸಿದ್ದರಿಂದ. ಮಳೆ ತಡವಾದಾಗ ವಿರಾಟಪರ್ವವನ್ನು ಓದಿಸುವ ಪದ್ಧತಿ ಹಳ್ಳಿಗಳಲ್ಲಿ ಬೆಳೆದುಬಂದಿತು. ಶುಲ್ಕ ಪಡೆದು ಪಾಠ ಹೇಳುವ ಕೂಲಿಮಠಗಳಲ್ಲಿ, ಅಂದರೆ ಊರಿನ ಅಯ್ಯನವರ ಶಾಲೆಗಳಲ್ಲಿ, ಜೈಮಿನಿ ಪಠ್ಯವೇ ಆಯಿತು. ಈ ಗಮಕ ಪರಂಪರೆ ಇಂದಿಗೂ ಜೀವಂತವಾಗಿದ್ದು, ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಅಚ್ಚಿನ ಪುಸ್ತಕ, ಹೊಸ ಓದುಗರು

ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚುಕೂಟ ಬಂದಾಗ ಓದಿಸಿ ಕೇಳುವ ಈ ಕ್ರಮ ಒಮ್ಮೆಲೇ ಬದಲಾಗಲಿಲ್ಲ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು; 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದನು; ಅವನ ನೇತೃತ್ವದಲ್ಲಿಯೇ ಹಳೆಯ ಕಾವ್ಯಗಳು, ದಾಸರ ಪದಗಳು ಅಚ್ಚಿನ ರೂಪ ಪಡೆದವು. ಅಚ್ಚು ಪದಗಳನ್ನು ಬಿಡಿಸಿತು, ವಿರಾಮಚಿಹ್ನೆಗಳನ್ನು ತಂದಿತು, ಒಂದೇ ಪಾಠದ ನೂರಾರು ಪ್ರತಿಗಳನ್ನು ಒಮ್ಮೆಗೇ ಕೊಟ್ಟಿತು. ಇದರಿಂದ ಆದ ಮುಖ್ಯ ಪಲ್ಲಟವೆಂದರೆ ಗಟ್ಟಿಯಾಗಿ ಓದಿ ಗುಂಪಿನಲ್ಲಿ ಕೇಳುವ ಕ್ರಮದ ಪಕ್ಕದಲ್ಲಿ ಒಬ್ಬರೇ ಕುಳಿತು ಮನಸ್ಸಿನಲ್ಲಿ ಓದಿಕೊಳ್ಳುವ ಕ್ರಮ ಬೆಳೆದದ್ದು. ಗುಂಪಿನಲ್ಲಿ ಕೇಳುವಾಗ ಅಭಿಪ್ರಾಯ ಸಭೆಯದು. ಒಬ್ಬರೇ ಓದುವಾಗ ಅದು ಆ ಒಬ್ಬರದೇ.

ಈ ಹೊಸ ಓದುಗರ ಬೇಡಿಕೆಯನ್ನು ಕಾವ್ಯದೊಳಗೇ ತಂದವನು ಮುದ್ದಣ. ಉಡುಪಿಯಲ್ಲಿ ಅಧ್ಯಾಪಕನಾಗಿದ್ದು 1901ರಲ್ಲಿ ಮೂವತ್ತೊಂದರ ಎಳೆಯ ವಯಸ್ಸಿನಲ್ಲಿ ತೀರಿಹೋದ ನಂದಳಿಕೆ ಲಕ್ಷ್ಮೀನಾರಣಪ್ಪನು ಮುದ್ದಣನೆಂಬ ಹೆಸರಿನಲ್ಲಿ ರಚಿಸಿದ ಶ್ರೀರಾಮಾಶ್ವಮೇಧದಲ್ಲಿ ಕಥೆ ಹೇಳುವ ಮುದ್ದಣನಿಗೆ ಕೇಳುವ ಮಡದಿ ಮನೋರಮೆ ಇದ್ದಾಳೆ. ಅವಳು ಸುಮ್ಮನೆ ತಲೆದೂಗುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎಂದು ಮೊದಲೇ ಷರತ್ತು ಹಾಕುತ್ತಾಳೆ. ಬಿಗಿಯಾದ ಸಂಸ್ಕೃತ ಸಮಾಸಗಳಿಂದ ಆರಂಭಿಸಿದಾಗ ತಡೆದು, ತನಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ಹಟ ಹಿಡಿಯುತ್ತಾಳೆ. ಕಥೆಯ ನಡುವೆ ಪ್ರಶ್ನೆ ಎತ್ತುತ್ತಾಳೆ, ಸೀತೆಗಾದ ಅನ್ಯಾಯಕ್ಕೆ ಮರುಗುತ್ತಾಳೆ. ಕವಿಯು ಅವಳ ಮಾತಿಗೆ ಬೆಲೆ ಕೊಟ್ಟು ತನ್ನ ಶೈಲಿಯನ್ನೇ ತಿದ್ದಿಕೊಳ್ಳುತ್ತಾನೆ. ಪಾಂಡಿತ್ಯದ ಸೋಗಿಲ್ಲದ ಒಬ್ಬ ಗೃಹಿಣಿಯ ಅಭಿಪ್ರಾಯವನ್ನು ಕಾವ್ಯದ ರೂಪವನ್ನು ನಿರ್ಧರಿಸುವ ಅಧಿಕಾರದ ಸ್ಥಾನದಲ್ಲಿ ಕೂರಿಸಿದ ಮುದ್ದಣನ ಈ ಕೆಲಸ ಹೊಸಗನ್ನಡದ ಬಾಗಿಲಲ್ಲಿ ನಡೆದದ್ದು ಆಕಸ್ಮಿಕವಲ್ಲ. ಮನೋರಮೆಯಂಥ ಓದುಗರು ಆಗ ನಿಜವಾಗಿಯೂ ಹುಟ್ಟಿಕೊಳ್ಳುತ್ತಿದ್ದರು.

ಅಂಥವರಿಗೆ ಮೊದಲು ಸಿಕ್ಕಿದ್ದು ಭಾಷಾಂತರಗಳು. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ದುರ್ಗೇಶನಂದಿನಿಯನ್ನು 1885ರಲ್ಲಿ ಕನ್ನಡಕ್ಕೆ ತಂದರು. ಅನಂತರ ಅವರಿಂದ ಬಂದ ಕಾದಂಬರಿಗಳ ಸಾಲು ಹಳೆಯ ಮೈಸೂರಿನ ಮನೆಗಳಲ್ಲಿ ಗದ್ಯದ ಓದನ್ನು ರೂಢಿಸಿತು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯನ್ನೇ ಓದುತ್ತಿದ್ದ ಕನ್ನಡಿಗರನ್ನು ಕನ್ನಡಕ್ಕೆ ತಿರುಗಿಸಿದ ಕೀರ್ತಿ ಗಳಗನಾಥರದು. ವೆಂಕಟೇಶ ತಿರಕೊ ಕುಲಕರ್ಣಿ ಎಂಬ ಈ ಶಿಕ್ಷಕರು ಅಗಡಿಯ ಆನಂದವನದಿಂದ 1907ರಲ್ಲಿ ಆರಂಭವಾದ ಸದ್ಬೋಧ ಚಂದ್ರಿಕೆ ಮಾಸಪತ್ರಿಕೆಯಲ್ಲಿ ಐತಿಹಾಸಿಕ ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲದೆ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೇ ಮಾರಲು ಬಾಗಿಲಿಗೆ ಬಂದಾಗ ಓದುಗರ ಅಭಿಪ್ರಾಯ ನೇರವಾಗಿ ಅವರ ಕಿವಿಗೆ ಬೀಳುತ್ತದೆ. ವೀರ, ಭಕ್ತಿ, ನೀತಿ ಮೂರೂ ಬೆರೆತ ಗಳಗನಾಥರ ಕಥನದ ಹದ ಈ ಒಡನಾಟದಲ್ಲಿ ರೂಪುಗೊಂಡಿತೆಂದು ಭಾವಿಸಲು ಸಾಕಷ್ಟು ಆಧಾರವಿದೆ.

ಸ್ತ್ರೀಯರ ಓದಿನ ವಿಷಯದಲ್ಲಿ ನಂಜನಗೂಡು ತಿರುಮಲಾಂಬಾ ಅವರ ಸಾಧನೆ ಇದಕ್ಕಿಂತಲೂ ಕಠಿನವಾದದ್ದು. ಬಾಲ್ಯದಲ್ಲಿಯೇ ವಿಧವೆಯಾದ ಅವರು ಮನೆಯಲ್ಲಿ ಓದಿ ಕಲಿತು, ಸತೀಹಿತೈಷಿಣಿ ಎಂಬ ಗ್ರಂಥಮಾಲೆಯನ್ನೂ ಕರ್ನಾಟಕ ನಂದಿನಿ ಎಂಬ ಪತ್ರಿಕೆಯನ್ನೂ ಸ್ವತಃ ನಡೆಸಿದರು. ಗ್ರಂಥಮಾಲೆ ಎಂದರೆ ಒಂದೇ ಉದ್ದೇಶದಿಂದ ಒಂದರ ಹಿಂದೊಂದರಂತೆ ಹೊರಬರುವ ಪುಸ್ತಕಗಳ ಸರಣಿ. 1913ರ ಸುಶೀಲೆ ಕಾದಂಬರಿ ಅಂದಿನ ಕನ್ನಡ ಪುಸ್ತಕಗಳಿಗೆ ಅಪರೂಪವಾದ ರೀತಿಯಲ್ಲಿ ಮರುಮುದ್ರಣಗಳನ್ನು ಕಂಡಿತು. ಹೆಂಗಸರು ಪುಸ್ತಕ ಹಿಡಿಯುವುದನ್ನೇ ಹಲವು ಮನೆಗಳಲ್ಲಿ ಒಪ್ಪದ ಕಾಲದಲ್ಲಿ ಒಂದು ಕಾದಂಬರಿ ಮತ್ತೆ ಅಚ್ಚಾಗುವುದೆಂದರೆ, ಹೇಳಿಕೊಳ್ಳಲು ವೇದಿಕೆಯಿಲ್ಲದ ಓದುಗರು ತಮ್ಮ ಮೆಚ್ಚಿಕೆಯನ್ನು ತಿಳಿಸಿದ ಒಂದೇ ದಾರಿ ಅದು.

ಚಂದಾದಾರರು ಮತ್ತು ವಿಮರ್ಶಕರು

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಮುಂದೆ ಪುಸ್ತಕಗಳ ಬಗೆಗಿನ ಅಭಿಪ್ರಾಯ ಎರಡು ಕವಲಾಗಿ ಹರಿಯಿತು. 1915ರಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ಣಾಟಕವನ್ನು ಆರಂಭಿಸಿದರು. ಇಂಥ ಪತ್ರಿಕೆಗಳ ಮೂಲಕ ಇಂಗ್ಲಿಷ್ ಮತ್ತು ಸಂಸ್ಕೃತ ಮಾನದಂಡಗಳನ್ನು ಬಲ್ಲ ವಿಮರ್ಶಕರೆಂಬ ವರ್ಗ ಕನ್ನಡದಲ್ಲಿ ನೆಲೆಗೊಂಡಿತು. ಪತ್ರಿಕೆಗಳಿಗೆ ಬಂದ ಪುಸ್ತಕಗಳ ಪೈಕಿ ಕೆಲವಕ್ಕೆ ವಿಮರ್ಶೆ ದೊರೆತರೆ, ಉಳಿದವುಗಳ ಹೆಸರು, ಲೇಖಕರು, ಬೆಲೆ ಮಾತ್ರ ಸಾದರ ಸ್ವೀಕಾರ ಎಂಬ ಅಂಕಣದಲ್ಲಿ ಅಚ್ಚಾಗುತ್ತಿದ್ದವು. ವಿಮರ್ಶೆಗೆ ಯಾವುದು ಅರ್ಹ, ಯಾವುದಲ್ಲ ಎಂಬ ವಿಂಗಡಣೆ ಅಲ್ಲಿಯೇ ನಡೆದುಹೋಗುತ್ತಿತ್ತು. ಸಾಮಾನ್ಯ ಓದುಗರು ಕೊಂಡು ಓದಿದ ಎಷ್ಟೋ ಪುಸ್ತಕಗಳು ಆ ಪಟ್ಟಿಯನ್ನು ದಾಟಿ ಮುಂದೆ ಬರಲೇ ಇಲ್ಲ.

ಇನ್ನೊಂದು ಕವಲು ಚಂದಾದಾರರದು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಈ ಪದ್ಧತಿಯ ಶ್ರೇಷ್ಠ ನಿದರ್ಶನ. ಓದುಗರು ವರ್ಷಕ್ಕೆ ಇಷ್ಟೆಂದು ಹಣವನ್ನು ಮುಂಗಡವಾಗಿ ಕಟ್ಟಿದರೆ, ಗ್ರಂಥಮಾಲೆಯು ಆ ವರ್ಷ ಪ್ರಕಟಿಸಿದ ಪುಸ್ತಕಗಳನ್ನು ಅಂಚೆಯ ಮೂಲಕ ಮನೆಗೆ ಕಳಿಸುತ್ತಿತ್ತು. ಆನಂದಕಂದರ ಸುದರ್ಶನದಿಂದ ಶುರುವಾದ ಈ ಮಾಲೆಯಲ್ಲಿ ಕಾದಂಬರಿ, ನಾಟಕ, ಕವಿತೆ, ಪ್ರಬಂಧ, ವಿಮರ್ಶೆ ಎಲ್ಲವೂ ಇದ್ದುದರಿಂದ, ಕಾದಂಬರಿಯ ಆಸೆಗೆ ಚಂದಾ ಕಟ್ಟಿದವರ ಕೈಗೆ ಅವರು ತಾವಾಗಿ ಎಂದೂ ಕೊಳ್ಳದಿದ್ದ ಪುಸ್ತಕಗಳೂ ಬಂದವು. ಸುಭಾಸ ರಸ್ತೆಯ ಲಕ್ಷ್ಮೀಭವನದ ಮೇಲಿನ ಅಟ್ಟದಲ್ಲಿದ್ದ ಅದರ ಕಚೇರಿ ಲೇಖಕರೂ ಓದುಗರೂ ಕೂಡಿ ವಾದಿಸುವ ಜಾಗವಾಯಿತು. ಕೀರ್ತಿನಾಥ ಕುರ್ತಕೋಟಿಯವರ ಸಲಹೆಯ ಬಲವೂ ಅದಕ್ಕಿತ್ತು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ಯಯಾತಿ ಇಲ್ಲಿಂದಲೇ ಪ್ರಕಟವಾಯಿತು. ಹೆಸರು ಕೇಳಿರದ ಹೊಸಬರನ್ನು ಪ್ರಕಟಿಸುವ ಧೈರ್ಯ ಪ್ರಕಾಶಕರಿಗೆ ಬಂದದ್ದು, ಪುಸ್ತಕ ಯಾವುದೆಂದು ಕೇಳದೆ ಮುಂಗಡ ಹಣ ಕಳಿಸಿದ ಗುಮಾಸ್ತರು, ಶಿಕ್ಷಕರು, ವಕೀಲರು, ಗೃಹಿಣಿಯರು ಇದ್ದುದರಿಂದ.

ಇದೇ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹಳ್ಳಿ ಪಟ್ಟಣಗಳಲ್ಲಿ ವಿದ್ವಾಂಸರಿಂದ ಕೊಡಿಸಿದ ಪ್ರಚಾರೋಪನ್ಯಾಸಗಳನ್ನು ಕೆಲವೇ ಆಣೆಗಳ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿ, ವಿಜ್ಞಾನ, ಆರೋಗ್ಯ, ಇತಿಹಾಸ, ಸಾಹಿತ್ಯಗಳನ್ನು ಸಾಮಾನ್ಯರ ಕೈಗೆ ತಲುಪಿಸಿತು. ಒಂದು ಪುಸ್ತಕ ಒಬ್ಬ ಓದುಗನನ್ನು ಎಷ್ಟರ ಮಟ್ಟಿಗೆ ಬದಲಿಸಬಲ್ಲುದೆಂಬುದಕ್ಕೆ ಬೀಚಿಯವರ ಬದುಕು ಉದಾಹರಣೆ. ಕನ್ನಡ ಪುಸ್ತಕಗಳ ಬಗೆಗೆ ಆಸಕ್ತಿಯೇ ಇಲ್ಲದಿದ್ದ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು, ಅ.ನ. ಕೃಷ್ಣರಾಯರ ಸಂಧ್ಯಾರಾಗವನ್ನು ಓದಿ ಮನಸೋತು ಕನ್ನಡಕ್ಕೆ ತಿರುಗಿದರು. ಮುಂದೆ ಅವರೇ ಸಾವಿರಾರು ಜನರನ್ನು ಓದಿಗೆ ಎಳೆದ ಹಾಸ್ಯಲೇಖಕರಾದರು.

ಧಾರಾವಾಹಿ, ಬಾಡಿಗೆಯ ಪುಸ್ತಕ, ಅಂಚೆ ಕಾರ್ಡು

ಸ್ವಾತಂತ್ರ್ಯಾನಂತರದ ಮೂರು ನಾಲ್ಕು ದಶಕಗಳು ಕನ್ನಡದ ಸಾಮಾನ್ಯ ಓದಿನ ಅತ್ಯಂತ ಸಮೃದ್ಧ ಕಾಲ. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು ಕಾದಂಬರಿ ಸಾರ್ವಭೌಮರೆನಿಸಿದರು. ವೇಶ್ಯಾಸಮಸ್ಯೆಯನ್ನು ಕುರಿತ ಅವರ ಕಾದಂಬರಿಗಳು ಅಶ್ಲೀಲವೇ ಅಲ್ಲವೇ ಎಂಬ ವಾಗ್ವಾದ ಪಂಡಿತರ ಸಭೆಯಿಂದ ಓದುಗರ ಮನೆಗಳವರೆಗೆ ಹಬ್ಬಿತು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಅಗ್ಗದ ಬೆಲೆಗೆ ಕೊಟ್ಟರು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಚಳವಳಿಗಾರ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು. ಕನ್ನಡ ಬರೀ ಮನೆಮಾತಾಗಿದ್ದು ಓದುವ ಭಾಷೆಯಾಗಿರದಿದ್ದ ಎಷ್ಟೋ ಜನ ಮೊದಲ ಬಾರಿಗೆ ಒಂದು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದ್ದು ಇಂಥ ಪುಸ್ತಕಗಳಿಂದ. ಮುಂದೆ ಕಾರಂತ, ಕುವೆಂಪು ಅವರನ್ನು ಓದಿದವರಲ್ಲಿ ಬಹಳ ಮಂದಿ ಈ ಮೆಟ್ಟಿಲು ಹತ್ತಿಯೇ ಅಲ್ಲಿಗೆ ಹೋದರು. ಸಾಹಿತ್ಯ ಚರಿತ್ರೆಗಳು ಈ ಜನಪ್ರಿಯ ಲೇಖಕರಿಗೆ ಕೊಟ್ಟಿರುವ ಜಾಗ ಈ ಋಣಕ್ಕೆ ಹೋಲಿಸಿದರೆ ತೀರ ಕಡಿಮೆ.

ತ್ರಿವೇಣಿಯವರದು ಇನ್ನೊಂದು ಬಗೆಯ ಸಂಬಂಧ. 1953ರ ಅಪಸ್ವರದಿಂದ 1963ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗಿನ ಹತ್ತೇ ವರ್ಷಗಳಲ್ಲಿ ಅವರು ಹೆಣ್ಣಿನ ಮನಸ್ಸಿನ ಕಾಯಿಲೆ, ಬಾಣಂತನದ ಬಳಿಕದ ಚಿತ್ತವಿಕಲತೆ, ದಾಂಪತ್ಯದ ಒಳಗಿನ ಮೌನ ಮೊದಲಾದ, ಮನೆಗಳಲ್ಲಿ ಬಾಯಿಬಿಟ್ಟು ಆಡದ ವಿಷಯಗಳನ್ನು ಕಾದಂಬರಿಗೆ ತಂದರು. ಶರಪಂಜರವನ್ನು ಓದಿದ ಹೆಂಗಸರು ಅದರಲ್ಲಿ ಕಂಡದ್ದು ಶಿಲ್ಪದ ಸೊಗಸನ್ನಲ್ಲ, ತಮಗೆ ಪರಿಚಯವಿದ್ದ ಬದುಕನ್ನು. ಅದೇ 1963ರಲ್ಲಿ ತುಂಗಭದ್ರದಿಂದ ಕಾದಂಬರಿ ಲೋಕಕ್ಕೆ ಬಂದ ಎಂ.ಕೆ. ಇಂದಿರಾ ಅವರು ನಡುವಯಸ್ಸಿನವರೆಗೆ ಓದುಗರಾಗಿಯೇ ಇದ್ದು ಆಮೇಲೆ ಬರೆಯತೊಡಗಿದವರು. ಗೆಜ್ಜೆಪೂಜೆ, ಫಣಿಯಮ್ಮ ಕೃತಿಗಳ ಸಹಜ ಕಥನಕ್ಕೆ ಆ ದೀರ್ಘವಾದ ಓದಿನ ಕಾಲವೇ ತಳಹದಿ.

ಈ ಕಾದಂಬರಿಗಳಲ್ಲಿ ಹಲವು ಮೊದಲು ಧಾರಾವಾಹಿಗಳಾಗಿ, ಅಂದರೆ ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದವು. ಕರ್ಮವೀರ, ಪ್ರಜಾಮತ, 1965ರಿಂದ ಸುಧಾ, 1983ರಿಂದ ತರಂಗ ಈ ವಾರಪತ್ರಿಕೆಗಳಿಗಾಗಿ ಓದುಗರು ಕಾದಿರುತ್ತಿದ್ದರು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾಗಿ ಪಾ.ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಬೆಳೆದ ಕಸ್ತೂರಿ ಮಾಸಪತ್ರಿಕೆಯ ಪುಸ್ತಕ ವಿಭಾಗವು ಒಂದೊಂದು ಸಂಚಿಕೆಯಲ್ಲಿ ಒಂದು ಗ್ರಂಥದ ಸಂಗ್ರಹವನ್ನು ಕೊಟ್ಟು, ದೂರದ ಊರಿನ ಓದುಗರಿಗೂ ಜಗತ್ತಿನ ಬಗೆಬಗೆಯ ಪುಸ್ತಕಗಳ ಪರಿಚಯ ಮಾಡಿಸಿತು. ಧಾರಾವಾಹಿ ಮುಗಿದ ಮೇಲೆ ಆ ಪುಟಗಳನ್ನು ಬಿಡಿಸಿ, ಜೋಡಿಸಿ, ದಬ್ಬಳದಿಂದ ತೂತು ಹಾಕಿ, ದಾರದಿಂದ ಹೊಲಿದು, ರಟ್ಟು ಅಂಟಿಸಿ ಪುಸ್ತಕ ಮಾಡಿಟ್ಟುಕೊಳ್ಳುವುದು ಮಧ್ಯಮವರ್ಗದ ಮನೆಗಳ ರೂಢಿಯಾಯಿತು. ಅಂಥ ಹೊತ್ತಗೆಯಲ್ಲಿ ಕಾದಂಬರಿಯ ಪುಟದ ಹಿಂಬದಿಗೆ ಸಾಬೂನಿನ ಜಾಹೀರಾತೋ ಅರ್ಧ ಪದಬಂಧವೋ ಇರುತ್ತದೆ. ತಪ್ಪಿಹೋದ ಕಂತಿಗಾಗಿ ನೆರೆಮನೆಯ ಸಂಚಿಕೆಯನ್ನು ಕೇಳಿ ತಂದು ಸೇರಿಸಿರುವುದೂ ಉಂಟು. ಓಲೆಗರಿಯ ಕಾಲದಲ್ಲಿ ಮೆಚ್ಚಿದ ಕಾವ್ಯವನ್ನು ನಕಲು ಮಾಡಿಸಿದವರ ಆಸ್ಥೆಗೂ ಈ ಮನೆಹೊಲಿಗೆಯ ಹೊತ್ತಗೆಗಳ ಹಿಂದಿನ ಆಸ್ಥೆಗೂ ಭೇದವಿಲ್ಲ.

ಕೊಳ್ಳಲು ಶಕ್ತಿಯಿಲ್ಲದವರಿಗೆ ಬಾಡಿಗೆ ಗ್ರಂಥಾಲಯಗಳು ನೆರವಾದವು. ಸರ್ಕ್ಯುಲೇಟಿಂಗ್ ಲೈಬ್ರರಿ ಎಂಬ ಹೆಸರಿನಿಂದ ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ, ಜಿಲ್ಲಾಕೇಂದ್ರಗಳ ಪೇಟೆಬೀದಿಗಳಲ್ಲಿ ಇದ್ದ ಈ ಸಣ್ಣ ಮಳಿಗೆಗಳು ಠೇವಣಿ ಇರಿಸಿಕೊಂಡು, ದಿನಕ್ಕೆ ಇಷ್ಟು ಪೈಸೆಯೆಂದು ಬಾಡಿಗೆ ಪಡೆದು ಪುಸ್ತಕ ಕೊಡುತ್ತಿದ್ದವು. ದಪ್ಪ ರಟ್ಟಿನ ಬೈಂಡು, ಬೆನ್ನಿನ ಮೇಲೆ ಬರೆದ ಸಂಖ್ಯೆ, ಕೊನೆಯ ಹಾಳೆಗೆ ಅಂಟಿಸಿದ ತಾರೀಖಿನ ಚೀಟಿ ಅಲ್ಲಿಯ ಪುಸ್ತಕಗಳ ಲಕ್ಷಣ. ಚೀಟಿಯ ಮೇಲೆ ಮುದ್ರೆಗಳು ಒತ್ತೊತ್ತಾಗಿ ತುಂಬಿ, ಮೇಲೊಂದು ಹೊಸ ಚೀಟಿ ಅಂಟಿದ್ದರೆ ಆ ಪುಸ್ತಕದ ಜನಪ್ರಿಯತೆಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಚೆನ್ನಾಗಿದೆ’, ‘ಅಳು ಬಂತು’, ‘ಕೊನೆ ಸರಿಯಿಲ್ಲ’ ಎಂದು ಗೀಚಿದ ಒಕ್ಕಣೆಗಳೂ, ಅದರ ಕೆಳಗೆ ಮತ್ತೊಬ್ಬರು ಬರೆದ ಒಪ್ಪಿಗೆಯೋ ಪ್ರತಿವಾದವೋ ಕಾಣಸಿಗುತ್ತಿದ್ದವು. ಒಬ್ಬರನ್ನೊಬ್ಬರು ನೋಡಿರದ ಓದುಗರು ಒಂದೇ ಪುಟದ ಅಂಚಿನಲ್ಲಿ ನಡೆಸಿದ ಈ ಚರ್ಚೆಯೂ ಕನ್ನಡ ವಿಮರ್ಶೆಯ ಒಂದು ಭಾಗವೇ.

ಇದರ ಜೊತೆಗೆ ಅಂಚೆ ಕಾರ್ಡು ಇತ್ತು. ಕೆಲವೇ ಪೈಸೆಗಳ ಕಾರ್ಡಿನಲ್ಲಿ ಲೇಖಕರಿಗೆ ಮೆಚ್ಚಿಕೆ ತಿಳಿಸುವುದು, ನಾಯಕಿಯನ್ನು ಸಾಯಿಸಬೇಡಿ ಎಂದು ಸಂಪಾದಕರನ್ನು ಬೇಡುವುದು, ಪತ್ರಿಕೆಯ ಓದುಗರ ಅಂಕಣದಲ್ಲಿ ಹಿಂದಿನ ವಾರದ ಕಥೆಯನ್ನು ಖಂಡಿಸುವುದು ವಾಡಿಕೆಯಾಯಿತು. ಕಾರ್ಡಿನ ಜಾಗ ಕಡಿಮೆಯಾದ್ದರಿಂದ ಅಭಿಪ್ರಾಯವನ್ನು ಚಿಕ್ಕದಾಗಿ, ಖಚಿತವಾಗಿ ಹೇಳಬೇಕಾಗುತ್ತಿತ್ತು. ಸಾಮಾನ್ಯ ಓದುಗರ ಮಾತು ದೊಡ್ಡ ಪ್ರಮಾಣದಲ್ಲಿ ಬರಹಕ್ಕಿಳಿದದ್ದು ಇಲ್ಲಿಯೇ ಮೊದಲು.

ಎರಡು ತೀರ್ಪುಗಳ ನಡುವೆ

ವಿಮರ್ಶಕರ ತೀರ್ಪೂ ಓದುಗರ ತೀರ್ಪೂ ಬೇರೆ ಬೇರೆಯಾದ ಸಂದರ್ಭಗಳು ಈ ಚರಿತ್ರೆಯಲ್ಲಿ ವಿಶೇಷ ಮಹತ್ವದವು. 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆ ಹೊಸ ದಂಪತಿಗಳಿಗೆ ಉಡುಗೊರೆಯಾಗಿ ಕೊಡುವ ಪುಸ್ತಕವಾಗಿ, ಆಮೇಲೆ ಭಾವಗೀತೆಯ ಗಾಯನದ ಮೂಲಕ ಮನೆಮನೆಗೆ ತಲುಪಿತು. ನವ್ಯ ವಿಮರ್ಶೆಯ ಕಾಲದಲ್ಲಿ ಅದರ ಸರಳತೆಯೇ ಅದರ ಮಿತಿಯೆಂಬ ಅಭಿಪ್ರಾಯ ಬಂದರೂ ಓದುಗರು ಅದನ್ನು ಬಿಡಲಿಲ್ಲ. 1943ರ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗವನ್ನು ಕಾವ್ಯವೆಂದು ಗಂಭೀರವಾಗಿ ಚರ್ಚಿಸಲು ವಿಮರ್ಶೆ ಬಹುಕಾಲ ಹಿಂಜರಿಯಿತು. ಆದರೆ ಬದುಕಿನ ಕಷ್ಟಕ್ಕೆ ಒದಗುವ ಮಾತು ಬೇಕಾದವರು, ಓದಿದವರು ಓದದವರೆನ್ನದೆ, ಅದನ್ನು ಬಾಯಿಪಾಠ ಮಾಡಿದರು. ಊರೂರುಗಳಲ್ಲಿ ಕಗ್ಗದ ವಾಚನ ವ್ಯಾಖ್ಯಾನದ ಕೂಟಗಳು ಹುಟ್ಟಿದವು, ಅಂದರೆ ಗಮಕದ ಹಳೆಯ ಕ್ರಮವೇ ಹೊಸ ಪುಸ್ತಕಕ್ಕೆ ಒದಗಿತು. ಇಂದು ಕನ್ನಡದಲ್ಲಿ ಅತಿ ಹೆಚ್ಚು ಉದ್ಧೃತವಾಗುವ ಆಧುನಿಕ ಕೃತಿಗಳಲ್ಲಿ ಅದು ಒಂದಾಗಿರುವುದು ಪೂರ್ತಿಯಾಗಿ ಓದುಗರ ಕೆಲಸ.

ಎಸ್.ಎಲ್. ಭೈರಪ್ಪನವರ ಕಾದಂಬರಿಗಳ ಸುತ್ತ ನಡೆದ ವಾದವೂ ಇಂಥದೇ. 1965ರ ವಂಶವೃಕ್ಷ, 1979ರ ಪರ್ವ, ಹೊರಬಂದ ಕೆಲವೇ ತಿಂಗಳುಗಳಲ್ಲಿ ಹಲವು ಮುದ್ರಣಗಳನ್ನು ಕಂಡ 2007ರ ಆವರಣ ಇವನ್ನು ಕುರಿತು ವಿಮರ್ಶಕರು ವಿಚಾರಧಾರೆಯ ಪ್ರಶ್ನೆಗಳನ್ನು ಎತ್ತಿದರು. ಓದುಗರಲ್ಲಿ ಒಪ್ಪಿದವರೂ ಉಗ್ರವಾಗಿ ವಿರೋಧಿಸಿದವರೂ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಬರೆದರು. ಒಂದು ಕಾದಂಬರಿ ವಿಮರ್ಶಕರ ವಲಯದ ಹೊರಗೆ ಇಷ್ಟು ವ್ಯಾಪಕವಾದ ಚರ್ಚೆಗೆ ಒಳಗಾದದ್ದು, ಅಭಿಪ್ರಾಯ ಯಾವ ಕಡೆಗೇ ಇರಲಿ, ಓದುಗರು ತಮ್ಮ ಹಕ್ಕನ್ನು ಚಲಾಯಿಸಿದ್ದರ ಗುರುತು.

ಹಾಗೆಂದು ಓದುಗರ ತೀರ್ಪು ಯಾವಾಗಲೂ ಸರಿಯೆಂದೂ ವಿಮರ್ಶೆ ಅನಾವಶ್ಯಕವೆಂದೂ ಹೇಳುವುದು ಅನ್ಯಾಯವಾಗುತ್ತದೆ. 1967ರಲ್ಲಿ ಬಂದ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ತನ್ನ ಗಾತ್ರದಿಂದಲೂ ನೂರಾರು ಪಾತ್ರಗಳ ಹೆಣಿಗೆಯಿಂದಲೂ ಬಹಳ ಓದುಗರನ್ನು ದೂರ ಇರಿಸಿತ್ತು. ಅದರ ದೊಡ್ಡತನವನ್ನು ಪಟ್ಟುಬಿಡದೆ ಎತ್ತಿ ತೋರಿಸಿದವರು ವಿಮರ್ಶಕರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಅದು ಇಡೀ ರಾತ್ರಿಯ ನಾಟಕವಾದಾಗ ಸಾವಿರಾರು ಸಾಮಾನ್ಯ ಪ್ರೇಕ್ಷಕರು ಅದನ್ನು ನೋಡಿದರು, ನೋಡಿದವರು ಪುಸ್ತಕವನ್ನು ಹುಡುಕಿದರು. ಓದುಗರ ತೀರ್ಪಿಗೆ ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಶತಮಾನಗಳ ಕಾಲ ಓದುವ ಅವಕಾಶವೇ ಜಾತಿ ಮತ್ತು ಲಿಂಗದ ಕಟ್ಟುಗಳಿಂದ ಬಿಗಿಯಾಗಿದ್ದುದರಿಂದ, ಹಳೆಯ ಕಾಲದ ಓದುಗರ ತೀರ್ಪು ಎಂದು ಸಿಗುವುದು ನಾಡಿನ ಒಂದು ಭಾಗದ ತೀರ್ಪು ಮಾತ್ರ. 1970ರ ದಶಕದಲ್ಲಿ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಪುಸ್ತಕವಾಗಿ ಓದಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ ಹಾಡಾಗಿ ಹಬ್ಬಿದಾಗ, ಅದುವರೆಗೆ ಪುಸ್ತಕದ ಹೊರಗಿದ್ದ ಜನರ ತೀರ್ಪು ಮೊದಲ ಬಾರಿಗೆ ದೊಡ್ಡ ದನಿಯಲ್ಲಿ ಕೇಳಿಬಂದಿತು. ಅಲ್ಲಿಂದೀಚೆಗೆ ಸಾಮಾನ್ಯ ಓದುಗರು ಎಂಬ ವರ್ಗದ ವ್ಯಾಪ್ತಿಯೇ ಬದಲಾಗಿದೆ.

ಸಾರ್ವಜನಿಕ ಗ್ರಂಥಾಲಯಗಳು ಈ ವ್ಯಾಪ್ತಿಯನ್ನು ಹಿಗ್ಗಿಸುವಲ್ಲಿ ದೊಡ್ಡ ಪಾತ್ರ ವಹಿಸಿವೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಿಧಿಸಿ, ಪುಸ್ತಕ ಕೊಳ್ಳಲಾಗದವರ ಓದನ್ನು ಸಮಾಜದ ಹೊಣೆಯಾಗಿ ಮಾಡಿತು. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಓದುವ ಬೆಳಕು ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಸೆಳೆದಿವೆ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡ 75.36. ಕನ್ನಡ ಪುಸ್ತಕಗಳ ಬಗೆಗೆ ಅಭಿಪ್ರಾಯ ಹೇಳಬಲ್ಲವರ ಸಂಖ್ಯೆ ಹಿಂದೆಂದೂ ಇಷ್ಟು ದೊಡ್ಡದಾಗಿರಲಿಲ್ಲ.

ಆದರೆ ಈ ಚರಿತ್ರೆಗೆ ಆಧಾರವಾಗಬೇಕಾದ ಸಾಮಗ್ರಿ ಕಣ್ಣೆದುರಿಗೇ ನಾಶವಾಗುತ್ತಿದೆ. ಬಾಡಿಗೆ ಗ್ರಂಥಾಲಯಗಳು ಮುಚ್ಚಿದಾಗ ಅವುಗಳ ಪುಸ್ತಕಗಳು, ದಾಖಲೆಗಳು ರದ್ದಿಗೆ ಹೋಗುತ್ತವೆ. ಮನೆ ಬದಲಿಸುವಾಗ ಹೊಲಿದಿಟ್ಟ ಧಾರಾವಾಹಿಗಳು ಮೊದಲು ಹೊರಬೀಳುತ್ತವೆ. ಲೇಖಕರ ಕಾಲಾನಂತರ ಅವರಿಗೆ ಬಂದ ಓದುಗರ ಪತ್ರಗಳು ಗೆದ್ದಲಿಗೆ ಸೇರುತ್ತವೆ. ತಾಳೆಗರಿಯ ಹಸ್ತಪ್ರತಿಗಳಿಗೆ ತೋರಿದ ಕಾಳಜಿಯ ಒಂದು ಪಾಲನ್ನಾದರೂ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಪ್ರಕಾಶನ ಸಂಸ್ಥೆಗಳು ಈ ಕಾಗದಗಳಿಗೆ ತೋರಿಸಬೇಕು: ಚಂದಾದಾರರ ಪಟ್ಟಿಗಳನ್ನು, ವಿತರಣೆಯ ವಹಿಗಳನ್ನು, ಅಂಚಿನ ಬರಹಗಳುಳ್ಳ ಪ್ರತಿಗಳನ್ನು, ಓದುಗರ ಕಾರ್ಡುಗಳನ್ನು ಸಂಗ್ರಹಿಸಿ, ಪಟ್ಟಿ ಮಾಡಿ, ಸಂಶೋಧಕರಿಗೆ ತೆರೆದಿಡಬೇಕು. ಮನೆಯ ಅಟ್ಟದಲ್ಲಿ ಅಂಥ ಒಂದು ಹೊತ್ತಗೆಯೋ ಪತ್ರದ ಕಟ್ಟೋ ಇರುವ ಪ್ರತಿಯೊಬ್ಬರೂ ಅದನ್ನು ರದ್ದಿಗೆ ಹಾಕುವ ಮುನ್ನ ಹತ್ತಿರದ ಗ್ರಂಥಾಲಯವನ್ನೋ ಕನ್ನಡ ಅಧ್ಯಯನ ಪೀಠವನ್ನೋ ಒಮ್ಮೆ ವಿಚಾರಿಸುವುದು ಒಳಿತು. ಕನ್ನಡ ಸಾಹಿತ್ಯದ ಇನ್ನೂ ಬರೆಯದ ಅರ್ಧ ಚರಿತ್ರೆ ಅಲ್ಲಿದೆ.